ಹಮ್ಮಿಂಗ್ ಬರ್ಡ್ ಫೀಡರ್: ಬಾಟಲಿಯೋ, ತಟ್ಟೆಯೋ?

ನಾರ್ತ್ ಕ್ಯಾರೊಲೈನಾದ ನಡುಭಾಗದಲ್ಲಿರುವ ನಮ್ಮ ಮನೆಯ ಹಿಂಬದಿಯ ಕಿಟಕಿಯ ಹೊರಗೆ ತಟ್ಟೆಯಾಕಾರದ ಒಂದು ಹಮ್ಮಿಂಗ್ ಬರ್ಡ್ ಫೀಡರ್, ಅಂದರೆ ಆ ಹಕ್ಕಿಗೆ ಸಕ್ಕರೆ ನೀರು ಇಡುವ ಪಾತ್ರೆ, ತೂಗುತ್ತಿದೆ. ಅದನ್ನು ತಂದು ಮೂರು ಬೇಸಿಗೆಗಳಾದವು. ಅದಕ್ಕೂ ಮೊದಲು ಒಂದು ಬೇಸಿಗೆಯ ಮಟ್ಟಿಗೆ, ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕುವ ಮಾದರಿಯನ್ನು ಬಳಸಿದ್ದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಎರಡು ಮೂರು ಸಲ ಈ ಪಾತ್ರೆಗಳನ್ನು ಬಿಚ್ಚಿ, ತೊಳೆದು, ಮತ್ತೆ ತುಂಬಿ ನೇತುಹಾಕಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸಲೀಸಾಗಿ ತೊಳೆಯಲು ಬಾರದ ಫೀಡರನ್ನು, ಅದು ಎಷ್ಟೇ ಚೆಂದವಿರಲಿ, ಕೊಳ್ಳಬಾರದು. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಎರಡೂ ಮಾದರಿಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ, ಮತ್ತು ನಾನು ಕಂಡ ಗುಣದೋಷಗಳು ಬಹುಮಟ್ಟಿಗೆ ವಿನ್ಯಾಸಕ್ಕೆ ಸೇರಿದವು.

ಈ ಹಕ್ಕಿಯನ್ನು ನೋಡಿರದವರಿಗಾಗಿ ಒಂದೆರಡು ಮಾತು. ಹಮ್ಮಿಂಗ್ ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಒಟ್ಟು 350ಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಅಮೆರಿಕದ ಪೂರ್ವಭಾಗದಲ್ಲಿ ಗೂಡು ಕಟ್ಟಿ ಮರಿ ಮಾಡುವುದು ರೂಬಿ ಥ್ರೋಟೆಡ್ ಎಂಬ ಒಂದೇ ಒಂದು. ನಮ್ಮ ಕಡೆಯ ಸೂರಕ್ಕಿಯನ್ನು ನೋಡಿ ಬೆಳೆದವರಿಗೆ ಇದೂ ಅದರ ಬಳಗದ್ದೇ ಇರಬೇಕು ಎನ್ನಿಸುವುದು ಸಹಜ. ಆದರೆ ಇವೆರಡಕ್ಕೂ ನೆಂಟಸ್ತನವಿಲ್ಲ. ಸೂರಕ್ಕಿ ಸಾಮಾನ್ಯವಾಗಿ ಟೊಂಗೆಯ ಮೇಲೆ ಕುಳಿತು ಮಕರಂದ ಹೀರುತ್ತದೆ, ಇದು ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತಲ್ಲೇ ನಿಂತು ಹೀರುತ್ತದೆ. ತೂಕ ಹೆಚ್ಚುಕಡಿಮೆ 3 ಗ್ರಾಂ. ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಇವುಗಳಲ್ಲಿ ಅನೇಕವು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲಿಯೂ ಇಳಿಯದೆ ದಾಟಿ ಬರುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಹುಳಿತ ಸಕ್ಕರೆ ನೀರು ಕೊಡುವುದಾದರೆ ಏನನ್ನೂ ಕೊಡದಿರುವುದೇ ಮೇಲು. ಈ ಎಚ್ಚರ ನನಗೆ ಬಂದದ್ದು ಮೊದಲ ಫೀಡರ್ ಕೊಟ್ಟ ಪೆಟ್ಟಿನಿಂದ.

ಆ ಮೊದಲನೆಯದು ನೋಡಲು ಬಹಳ ಸುಂದರವಾಗಿತ್ತು. ಕೆಂಪು ಗಾಜಿನ ದುಂಡು ಬಾಟಲಿ, ಕೆಳಗೆ ಲೋಹದ ಬುಡ, ಬುಡದಲ್ಲಿ ನಾಲ್ಕು ಪುಟ್ಟ ಹಳದಿ ಹೂಗಳು. ಬಾಟಲಿಯನ್ನು ತುಂಬಿ, ಬುಡವನ್ನು ತಿರುಗಿಸಿ ಬಿಗಿದು, ತಲೆಕೆಳಗು ಮಾಡಿ ತೂಗುಹಾಕಬೇಕು. ಹಕ್ಕಿ ಒಂದೊಂದು ಸಲ ಹೀರಿದಾಗಲೂ ಒಳಗೆ ಒಂದು ಗುಳ್ಳೆ ಮೇಲೇರುತ್ತಿತ್ತು. ಅದನ್ನು ನೋಡುವುದೇ ಒಂದು ಸಂತೋಷ. ಆದರೆ ಇಂಥ ಬಾಟಲಿಯಲ್ಲಿ ನೀರು ನಿಲ್ಲುವುದು ಹೊರಗಿನ ಗಾಳಿಯ ಒತ್ತಡದಿಂದ. ಒಳಗೆ, ನೀರಿನ ಮೇಲೆ ಸಿಕ್ಕಿಕೊಂಡಿರುವ ಗಾಳಿ ಮಧ್ಯಾಹ್ನದ ಬಿಸಿಲಿಗೆ ಕಾದು ಹಿಗ್ಗಿದಾಗ ಅದು ಸಕ್ಕರೆ ನೀರನ್ನು ಕೆಳಕ್ಕೆ ತಳ್ಳುತ್ತದೆ, ಹೂವಿನ ತೂತುಗಳಿಂದ ಹನಿ ಬೀಳತೊಡಗುತ್ತದೆ. ತುಂಬಿದ ದಿನ ತೊಟ್ಟಿಕ್ಕದ ಫೀಡರ್ ಎರಡನೆಯ ದಿನ ತೊಟ್ಟಿಕ್ಕುವುದೇಕೆ ಎಂದು ನಾನು ವಾಷರ್ ಬದಲಾಯಿಸಿ, ಬಿಗಿ ಮಾಡಿ, ತಲೆ ಕೆಡಿಸಿಕೊಂಡಿದ್ದೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಹೆಚ್ಚು, ಆದ್ದರಿಂದ ಹಿಗ್ಗುವಿಕೆಯೂ ಹೆಚ್ಚು, ಕಾರಣ ಅಷ್ಟೇ. ಹನಿ ಬಿದ್ದಲ್ಲಿ ಇರುವೆ, ಇರುವೆಯ ಹಿಂದೆ ಕಣಜ. ಕಣಜಗಳು ಬಂದು ಮುತ್ತಿದ ಮೇಲೆ ಹಕ್ಕಿ ಹತ್ತಿರ ಸುಳಿಯಲಿಲ್ಲ.

ಇದನ್ನಾದರೂ ಸಹಿಸಬಹುದಿತ್ತು. ಜೂನ್ ಕೊನೆಯ ಒಂದು ಬೆಳಿಗ್ಗೆ ಬುಡವನ್ನು ಬಿಚ್ಚಿದಾಗ ಹೂವಿನ ತೂತಿನೊಳಗೆ, ಬೆರಳಾಗಲಿ ಬ್ರಷ್ಷಾಗಲಿ ತಲುಪದ ಸಂದಿಯಲ್ಲಿ, ಕಪ್ಪು ಬೂಷ್ಟು ಹಿಡಿದಿರುವುದು ಕಾಣಿಸಿತು. ಬಾಟಲಿಯನ್ನು ಮೂರು ದಿನಕ್ಕೊಮ್ಮೆ ತಪ್ಪದೆ ತೊಳೆಯುತ್ತಿದ್ದೆ. ಆದರೆ ಬುಡದ ಎರಡು ಲೋಹದ ತಗಡುಗಳನ್ನು ಕಾರ್ಖಾನೆಯಲ್ಲೇ ಒತ್ತಿ ಕೂಡಿಸಿದ್ದರು. ಅವನ್ನು ಬಿಡಿಸುವ ದಾರಿಯೇ ಇರಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಕೂದಲು ಕತ್ತರಿಸಿ, ಕಡ್ಡಿಗೆ ಹತ್ತಿ ಸುತ್ತಿ ಪ್ರಯತ್ನಿಸಿದೆ. ಬಂದಷ್ಟು ಬಂತು, ಉಳಿದದ್ದು ಉಳಿಯಿತು. ಅದೇ ತೂತಿನ ಮೂಲಕ ಆ ಹಕ್ಕಿಗಳು ಎಷ್ಟು ದಿನದಿಂದ ನಾಲಿಗೆ ಚಾಚಿದ್ದವೋ ಎಂದು ನೆನೆದು ಮನಸ್ಸಿಗೆ ಬಹಳ ನೋವಾಯಿತು. ಅಂದೇ ಅದನ್ನು ತೆಗೆದುಬಿಟ್ಟೆ.

ಈಗಿರುವ ತಟ್ಟೆ ಮಾದರಿಗೆ 24 ಡಾಲರ್ ಕೊಟ್ಟೆ. ಪಾಲಿಕಾರ್ಬನೇಟ್‌ನ ಪಾರದರ್ಶಕ ಬೋಗುಣಿ, ಅದರ ಮೇಲೆ ಕೆಂಪು ಮುಚ್ಚಳ, ಮುಚ್ಚಳದಲ್ಲಿ ನಾಲ್ಕು ತೂತು, ಸುತ್ತಲೂ ಹಕ್ಕಿ ಕೂರಲು ಒಂದು ಕಂಬಿ, ನಟ್ಟನಡುವೆ ನೇತುಹಾಕುವ ಸರಳು. ಇಷ್ಟೇ. ಮುಚ್ಚಳವನ್ನು ಅಂಚಿನಲ್ಲಿ ಹಿಡಿದು ಎತ್ತಿದರೆ ಇಡೀ ಫೀಡರ್ ಎರಡು ಬಿಲ್ಲೆಗಳಾಗಿ ಕೈಗೆ ಬರುತ್ತದೆ. ಒಳಗೆ ಮೂಲೆಯಿಲ್ಲ, ಕತ್ತಿಲ್ಲ, ಕೊಳವೆಯಿಲ್ಲ. ಬೋಗುಣಿಯನ್ನು ಊಟದ ತಟ್ಟೆ ತಿಕ್ಕಿದಂತೆ ತಿಕ್ಕಬಹುದು. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದರೆ ನಾಲ್ಕೂ ತೂತುಗಳು ಆರಪಾರು ಕಾಣುತ್ತವೆ, ಪ್ರತಿಯೊಂದರಲ್ಲೂ ಸಣ್ಣ ಬ್ರಷ್ ಹಾಯಿಸಿ ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ಸಾಮಾನ್ಯವಾಗಿ ಬಿಸಿನೀರೇ ಸಾಕಾಗುತ್ತದೆ. ತಿಂಗಳಿಗೆರಡು ಸಲ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಹಾಕುತ್ತೇನೆ, ಆಮೇಲೆ ವಾಸನೆ ಹೋಗುವವರೆಗೆ ಮೂರು ನಾಲ್ಕು ಬಾರಿ ಅಲುಬುತ್ತೇನೆ. ಬಿಚ್ಚಿದಲ್ಲಿಂದ ಮತ್ತೆ ತೂಗುಹಾಕುವವರೆಗೆ ಐದು ನಿಮಿಷ. ಈ ಐದು ನಿಮಿಷದ ಕೆಲಸ ಎಂಬ ಕಾರಣಕ್ಕೇ ನಾನು ಅದನ್ನು ಮುಂದೂಡುವುದಿಲ್ಲ, ಮುಂದೂಡದ ಕಾರಣಕ್ಕೇ ಮೂರು ಬೇಸಿಗೆಗಳಲ್ಲಿ ಒಮ್ಮೆಯೂ ಬೂಷ್ಟು ಕಾಣಿಸಿಲ್ಲ.

ತಟ್ಟೆಯಲ್ಲಿ ನೀರು ತೂತುಗಳಿಗಿಂತ ಕೆಳಗಿರುತ್ತದೆಯಾದ್ದರಿಂದ ತೊಟ್ಟಿಕ್ಕುವ ಪ್ರಶ್ನೆಯೇ ಬರುವುದಿಲ್ಲ. ಕಣಜ ಮತ್ತು ಜೇನ್ನೊಣಗಳ ಕಾಟ ತಪ್ಪುವುದೂ ಇದರಿಂದಲೇ: ಅವುಗಳ ಗಿಡ್ಡ ನಾಲಿಗೆಗೆ ನೀರು ಎಟುಕುವುದಿಲ್ಲ, ಕೊಕ್ಕಿನಾಚೆಗೂ ನೀಳವಾಗಿ ಚಾಚಿಕೊಳ್ಳುವ ಹಕ್ಕಿಯ ನಾಲಿಗೆಗೆ ಸುಲಭವಾಗಿ ಎಟುಕುತ್ತದೆ. ಆದರೆ ಒಂದು ಷರತ್ತು ಉಂಟು. ಬೋಗುಣಿಯನ್ನು ಅಂಚಿನವರೆಗೆ ತುಂಬಿದರೆ ಈ ಲಾಭ ಇಲ್ಲವಾಗುತ್ತದೆ. ನಾನು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ಹಳೆಯ ಫೀಡರಿನ ಹಳದಿ ಹೂಗಳ ಬಗ್ಗೆಯೂ ಇಲ್ಲಿ ಹೇಳಬೇಕು. ಕಣಜಗಳನ್ನು ಹಳದಿ ಬಣ್ಣ ಸೆಳೆಯುತ್ತದೆ, ಆದ್ದರಿಂದ ಹಳದಿ ಇಲ್ಲದ ಫೀಡರನ್ನೇ ಆರಿಸುವುದು ಒಳ್ಳೆಯದು. ಇರುವೆಗಳಿಗೆ ಇದರ ನಡುವಿನ ಸರಳಿನ ಬುಡದಲ್ಲಿ ಒಂದು ಪುಟ್ಟ ಕಂದಕವಿದೆ: ಅದಕ್ಕೆ ನೀರು ತುಂಬಿಟ್ಟರೆ ಮೇಲಿನಿಂದ ಇಳಿದು ಬರುವ ಇರುವೆ ದಾಟಲಾರದು. ಕಂಬಿಗೆ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಹಕ್ಕಿಯ ಗರಿಗೆ ತಗುಲಿದರೆ ಮತ್ತೆ ಬಿಡಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

ನೋಡುವ ಸುಖದಲ್ಲೂ ತಟ್ಟೆಯೇ ಮೇಲು ಎಂಬುದು ನಾನು ನಿರೀಕ್ಷಿಸದಿದ್ದ ಸಂಗತಿ. ಕಿಟಕಿಯ ಒಳಗೆ ಕುಳಿತವರ ಕಣ್ಣಿಗೆ ಬೋಗುಣಿ ಸಮಮಟ್ಟದಲ್ಲಿದೆ, ಮತ್ತು ಅದು ಪಾರದರ್ಶಕ. ಹಕ್ಕಿ ಬಂದು ಕಂಬಿಯ ಮೇಲೆ ಕುಳಿತು ಕೊಕ್ಕು ಇಳಿಸಿದಾಗ, ಬಿಳಿಯ ದಾರದ ಎಳೆಯಂಥ ನಾಲಿಗೆ ನೀರಿನೊಳಗೆ ಮಿಡಿಯುತ್ತಿರುವುದು ಕಾಣುತ್ತದೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಅದು ಒಳಗೆ ಹೋಗಿ ಬರುವುದರಿಂದ ಒಂದೊಂದೇ ಮಿಡಿತವನ್ನು ಎಣಿಸಲಾಗದು. ಗಂಟಲಿನ ಸಣ್ಣ ಅದುರಾಟವನ್ನಷ್ಟೇ ಗುರುತಿಸಬಹುದು. ನಾಲಿಗೆ ತುದಿಯಲ್ಲಿ ಎರಡಾಗಿ ಸೀಳಿದೆ, ಸೀಳಿನ ಅಂಚುಗಳಲ್ಲಿ ಸೂಕ್ಷ್ಮ ಕುಚ್ಚುಗಳಿವೆ. ನೀರಿನಲ್ಲಿ ಅವು ಬಿಚ್ಚಿಕೊಂಡು, ಹೊರಬರುವಾಗ ಹನಿಯನ್ನು ಒಳಗಿಟ್ಟು ಮುಚ್ಚಿಕೊಳ್ಳುತ್ತವೆ. ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ಮಕರಂದವೂ ಏರುತ್ತದೆ ಎಂದು ಬಹುಕಾಲ ನಂಬಿದ್ದರು. ಅದು ಹಾಗಲ್ಲ ಎಂದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಗಂಡಿನ ಗಂಟಲಂತೂ ನೆರಳಿನಲ್ಲಿ ಮಸಿಯಂತೆ ಕಪ್ಪಗಿರುತ್ತದೆ, ಅದು ಕತ್ತು ತಿರುಗಿಸಿದ ಕ್ಷಣ ಬೂದಿ ಊದಿದ ಕೆಂಡದಂತೆ ಹೊಳೆಯುತ್ತದೆ, ಮತ್ತೆ ಕಪ್ಪಾಗುತ್ತದೆ. ಆ ಕೆಂಪು ಗರಿಯೊಳಗಿನ ಬಣ್ಣದ್ದಲ್ಲ, ಗರಿಯ ರಚನೆ ಬೆಳಕನ್ನು ಮರಳಿಸುವ ರೀತಿಯಿಂದ ಹುಟ್ಟಿದ್ದು. ಅದಕ್ಕೇ ಕೋನ ಬದಲಾದರೆ ಮಾಯ.

ಇನ್ನು ಕೊರತೆಗಳು. ಮೊದಲನೆಯದಾಗಿ ಕಂದಕ ತೀರ ಆಳವಿಲ್ಲದ್ದು. ಜುಲೈ ತಿಂಗಳ ಬಿಸಿಲಿಗೆ ಅದರ ನೀರು ಒಂದೂವರೆ ದಿನದಲ್ಲಿ ಆರಿಹೋಗುತ್ತದೆ, ಸಣ್ಣ ಹಕ್ಕಿಗಳು ಬಂದು ಅದನ್ನೇ ಕುಡಿಯುವುದೂ ಉಂಟು. ನಾನು ಎರಡು ದಿನ ಊರಲ್ಲಿಲ್ಲದಾಗ ಇರುವೆಗಳು ಸಾಲುಗಟ್ಟಿ ಇಳಿದು ಬೋಗುಣಿಯಲ್ಲಿ ಮುಳುಗಿ ಸತ್ತಿದ್ದವು. ಸರಳಿನ ಮೇಲೆ ಬೇರೆ ಒಂದು ದೊಡ್ಡ ಕಂದಕದ ಬಟ್ಟಲನ್ನು ಕೊಂಡು ಸಿಕ್ಕಿಸಿದ ಮೇಲೆ ಈ ತೊಂದರೆ ತೀರಿತು, ಆದರೆ ಅದನ್ನು ಫೀಡರಿನಲ್ಲೇ ಸರಿಯಾಗಿ ಮಾಡಿಕೊಡಬಹುದಾಗಿತ್ತು. ಎರಡನೆಯದು ಗಾಳಿ. ಗುಡುಗು ಮಳೆಯ ಸಂಜೆಗಳಲ್ಲಿ ತಟ್ಟೆ ಓಲಾಡಿ ನೀರು ಚೆಲ್ಲುತ್ತದೆ, ಮಳೆ ಜೋರಾದರೆ ಹನಿಗಳು ತೂತುಗಳೊಳಗೆ ಬಿದ್ದು ಸಿಹಿ ತೆಳುವಾಗುತ್ತದೆ. ಬಾಟಲಿ ಮಾದರಿಗೆ ಈ ದೋಷ ಅಷ್ಟಾಗಿ ಇಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೂರನೆಯದಾಗಿ ಮುಚ್ಚಳ ಹೊಸದರಲ್ಲಿ ಬಹಳ ಬಿಗಿ. ಬೆರಳ ಗಂಟು ನೋಯುವ ನನ್ನ ತಾಯಿಯವರಿಗೆ ಅದನ್ನು ತೆರೆಯಲು ಆಗುತ್ತಲೇ ಇರಲಿಲ್ಲ, ಎರಡು ಸಲ ತೆರೆಯುವ ಭರದಲ್ಲಿ ಅರ್ಧ ನೀರು ಕಟ್ಟೆಯ ಮೇಲೆ ಹೋಯಿತು. ವಯಸ್ಸಾದವರು ಬಳಸುವುದಿದ್ದರೆ ಅಂಗಡಿಯಲ್ಲೇ ಒಮ್ಮೆ ತೆರೆದು ನೋಡಿ ಕೊಳ್ಳಬೇಕು. ಕೆಂಪು ಬಣ್ಣ ಮೂರನೆಯ ವರ್ಷಕ್ಕೆ ಸ್ವಲ್ಪ ಮಂಕಾಗಿದೆ, ಹಕ್ಕಿಗಳಿಗೆ ಅದರಿಂದ ಏನೂ ವ್ಯತ್ಯಾಸವಾದಂತಿಲ್ಲ.

ಫೀಡರಿನ ಪಕ್ಕದಲ್ಲೇ ಅಂಗಡಿಯವರು ಮಕರಂದದ ಪುಡಿಯ ಪೊಟ್ಟಣವನ್ನೂ ಕೆಂಪು ದ್ರವದ ಸೀಸೆಯನ್ನೂ ಜೋಡಿಸಿಟ್ಟಿರುತ್ತಾರೆ. ಅವೆರಡೂ ಬೇಡ. ಒಂದು ಪಾಲು ಸಾಧಾರಣ ಬಿಳಿ ಸಕ್ಕರೆ, ನಾಲ್ಕು ಪಾಲು ನೀರು, ಇದೇ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಮೃಗಾಲಯವೂ ಹೇಳುವ ಅಳತೆ. ಹಮ್ಮಿಂಗ್ ಬರ್ಡ್ ಹುಡುಕಿ ಹೋಗುವ ಹೂಗಳ ಮಕರಂದದಲ್ಲಿ ಮುಖ್ಯವಾಗಿರುವುದು ಸುಕ್ರೋಸ್, ಬಿಳಿ ಸಕ್ಕರೆಯೂ ಅದೇ. ಬಣ್ಣದ ಅಗತ್ಯವೇ ಇಲ್ಲ, ಮುಚ್ಚಳದ ಕೆಂಪೇ ಹಕ್ಕಿಯನ್ನು ಕರೆಯಲು ಸಾಕು. ತಾಯಿಯವರು ಬಂದಿದ್ದಾಗ, “ಸಕ್ಕರೆಗಿಂತ ಬೆಲ್ಲ ಒಳ್ಳೆಯದಲ್ಲವೇನೋ, ಒಂದು ಚೂರು ಬೆಲ್ಲದ ನೀರನ್ನೇ ಇಡಬಾರದಾ?” ಎಂದು ಕೇಳಿದ್ದರು. ಪ್ರೀತಿಯಿಂದ ಕೇಳಿದ ಮಾತು ಅದು, ನಮ್ಮವರಲ್ಲಿ ಅನೇಕರು ಕೇಳುವಂಥದೂ ಹೌದು. ಆದರೆ ಬೆಲ್ಲದಲ್ಲೂ ಕಂದು ಸಕ್ಕರೆಯಲ್ಲೂ ಇರುವ ಕಬ್ಬಿಣದ ಅಂಶ ಇಷ್ಟು ಪುಟ್ಟ ಹಕ್ಕಿಗೆ ಒಳ್ಳೆಯದಲ್ಲ; ಜೇನುತುಪ್ಪವನ್ನು ನೀರಿಗೆ ಬೆರೆಸಿದರೆ ಬೂಷ್ಟು ಬಲುಬೇಗ ಬೆಳೆಯುತ್ತದೆ; ಕ್ಯಾಲೊರಿ ಇಲ್ಲದ ಕೃತಕ ಸಿಹಿಗಳು ಹಕ್ಕಿಯ ಹೊಟ್ಟೆ ತುಂಬಿಸಿ ಅದನ್ನು ಉಪವಾಸ ಕೆಡವುತ್ತವೆ.

ಎಷ್ಟು ತುಂಬಬೇಕು ಎಂಬುದರಲ್ಲಿ ಹೊಸಬರು ಎಡವುವುದು ಸಾಮಾನ್ಯ. ಹಕ್ಕಿ ದಿನಕ್ಕೆ ತನ್ನ ತೂಕದಷ್ಟೋ ಅದಕ್ಕಿಂತ ಹೆಚ್ಚೋ ಮಕರಂದ ಕುಡಿಯುತ್ತದೆ ಎಂದರೆ ದೊಡ್ಡದೆನಿಸುತ್ತದೆ, ಆದರೆ ಆ ತೂಕವೇ 3 ಗ್ರಾಂ. ಮೂರು ನಾಲ್ಕು ಹಕ್ಕಿಗಳು ಬರುವ ಮನೆಯಲ್ಲಿ ಒಂದು ಲೀಟರಿನ ಬಾಟಲಿ ತುಂಬಿಟ್ಟರೆ ಅದರ ಬಹುಪಾಲು ಹುಳಿಯಲೆಂದೇ ಇಟ್ಟಂತೆ. ನನ್ನದು 12 ಔನ್ಸಿನದು, ಅಂದರೆ ಸುಮಾರು 350 ಮಿಲಿಲೀಟರ್. ಹೆಚ್ಚಿನ ದಿನಗಳಲ್ಲಿ ಅದರೊಳಗೆ ಅರ್ಧ ಲೋಟ ನೀರಷ್ಟೇ ಇರುತ್ತದೆ. ಮಿಕ್ಕಿದ್ದು ಫ್ರಿಜ್ಜಿನಲ್ಲಿ ಒಂದು ವಾರ ಕೆಡದೆ ಇರುತ್ತದೆ. ಬೇಸಿಗೆಯ ಬಿಸಿಯಲ್ಲಿ ಎರಡು ದಿನಕ್ಕೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರ್‌ನ ತಂಪಿನಲ್ಲಿ ನಾಲ್ಕು ದಿನಕ್ಕೊಮ್ಮೆ ಬದಲಾಯಿಸುತ್ತೇನೆ. ನೀರು ಮಸುಕಾಗಿ ಕಂಡರೆ ದಿನ ಎಣಿಸದೆ ಆಗಲೇ ಚೆಲ್ಲಬೇಕು.

ತೂಗುಹಾಕುವ ಜಾಗದ ಬಗ್ಗೆ ಒಂದು ಮಾತು ಮುಖ್ಯ. ಕಿಟಕಿಗೆ ಒಂದೋ ಮೂರು ಅಡಿಯೊಳಗೆ ಇರಬೇಕು, ಇಲ್ಲವೇ ಬಹಳ ದೂರದಲ್ಲಿರಬೇಕು. ಮಧ್ಯದ ಅಂತರದಲ್ಲಿದ್ದರೆ ಬೆದರಿ ಹಾರಿದ ಹಕ್ಕಿ ಪೂರ್ಣ ವೇಗದಲ್ಲಿ ಗಾಜಿಗೆ ಬಡಿಯುತ್ತದೆ. ನಮ್ಮ ಗಾಜಿನ ಹೊರಮೈಗೆ ಎರಡೆರಡು ಅಂಗುಲಕ್ಕೆ ಚುಕ್ಕಿಗಳ ಅಂಟುಪಟ್ಟಿ ಹಚ್ಚಿದ್ದೇನೆ. ಮಧ್ಯಾಹ್ನದ ನೆರಳು ಸಿಗುವ ಕಡೆ ಇದ್ದರೆ ನೀರು ಹೆಚ್ಚು ಹೊತ್ತು ಕೆಡದು. ಇನ್ನೊಂದು, ನಾಲ್ಕು ತೂತಿದ್ದರೆ ನಾಲ್ಕು ಹಕ್ಕಿ ಒಟ್ಟಿಗೆ ಕುಡಿಯುತ್ತವೆ ಎಂದು ಪೆಟ್ಟಿಗೆಯ ಮೇಲಿನ ಚಿತ್ರ ಹೇಳುತ್ತದೆ. ಜೂನ್‌ನಲ್ಲಿ ಒಂದೇ ಗಂಡುಹಕ್ಕಿ ಪಕ್ಕದ ಡಾಗ್‌ವುಡ್ ಮರದ ಒಣ ಟೊಂಗೆಯ ಮೇಲೆ ಕಾವಲು ಕುಳಿತು, ಹತ್ತಿರ ಬಂದ ಪ್ರತಿಯೊಂದನ್ನೂ ಚಿಟಿಚಿಟಿ ಸದ್ದು ಮಾಡುತ್ತ ಅಟ್ಟುತ್ತದೆ. ದೊಡ್ಡ ಫೀಡರ್ ಇದಕ್ಕೆ ಪರಿಹಾರವಲ್ಲ. ಮನೆಯ ಮತ್ತೊಂದು ಮಗ್ಗುಲಿಗೆ, ಅದರ ಕಣ್ಣಿಗೆ ಬೀಳದ ಹಾಗೆ, ಇನ್ನೊಂದು ಸಣ್ಣದನ್ನು ಹಾಕಿದ ಮೇಲೆ ಹೆಣ್ಣುಹಕ್ಕಿಗಳಿಗೂ ನೆಮ್ಮದಿಯಾಗಿ ಕುಡಿಯಲು ಸಿಕ್ಕಿತು.

ಫೀಡರ್ ಹೂವಿಗೆ ಬದಲಿಯಲ್ಲ ಎಂಬುದನ್ನೂ ಹೇಳದೆ ಇರಲಾರೆ. ಹಮ್ಮಿಂಗ್ ಬರ್ಡ್ ಸಕ್ಕರೆಯಿಂದ ಮಾತ್ರ ಬದುಕುವುದಿಲ್ಲ. ಸಣ್ಣ ನೊಣ, ನುಸಿ, ಜೇಡಗಳನ್ನು ಹಿಡಿದು ತಿನ್ನುತ್ತದೆ, ಮರಿಗಳಿಗೂ ಕೊಡುತ್ತದೆ, ಗೂಡಿನ ಎಳೆಗಳನ್ನು ಜೇಡದ ಬಲೆಯಿಂದಲೇ ಬಿಗಿಯುತ್ತದೆ. ಆದ್ದರಿಂದ ಫೀಡರ್ ಇಟ್ಟವರು ಹಿತ್ತಿಲಿಗೆ ಕೀಟನಾಶಕ ಹೊಡೆಯುವುದನ್ನು ಮೊದಲು ನಿಲ್ಲಿಸಬೇಕು. ಬೇಲಿಯ ಮೇಲೆ ಇಲ್ಲಿನದೇ ಆದ ಕೋರಲ್ ಹನಿಸಕಲ್ ಬಳ್ಳಿ ಹಬ್ಬಿಸಿದ್ದೇವೆ, ಅದರ ಕೆಂಪು ತುತ್ತೂರಿಗಳು ಹಕ್ಕಿಗಳು ಬರುವ ಹೊತ್ತಿಗೇ ಬಿಡುತ್ತವೆ. ಬೇಸಿಗೆಗೆ ಬೀ ಬಾಮ್, ಬೇಸಿಗೆ ಇಳಿಯುವಾಗ ತೇವದ ಜಾಗದಲ್ಲಿ ಕಾರ್ಡಿನಲ್ ಫ್ಲವರ್. ಬಳ್ಳಿ ಹೂಬಿಟ್ಟ ವಾರಗಳಲ್ಲಿ ಹಕ್ಕಿ ಫೀಡರನ್ನು ಬಿಟ್ಟು ಬಳ್ಳಿಗೇ ಹೋಗುತ್ತದೆ, ಅದನ್ನು ನೋಡಿ ನನಗೆ ಸಮಾಧಾನವೇ ಆಗುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ತಟ್ಟೆ ಮಾದರಿ, 8ರಿಂದ 12 ಔನ್ಸ್, ಹಳದಿ ಭಾಗಗಳಿಲ್ಲದ್ದು, ಪೂರ್ತಿ ಬಿಚ್ಚಿಕೊಳ್ಳುವಂಥದು. ಕಿಟಕಿಗೆ ಹೀರುಬಟ್ಟಲಿನಿಂದ ಅಂಟಿಸುವ ಪುಟ್ಟ ಮಾದರಿಗಳೂ ಚೆನ್ನಾಗಿವೆ, ಮಹಡಿ ಮನೆಯವರಿಗೆ ಅವೇ ಅನುಕೂಲ. ಕೈಯಲ್ಲಿ ಊದಿ ಮಾಡಿದ ಬಣ್ಣದ ಗಾಜಿನವುಗಳನ್ನು ಹೂದಾನಿಯಾಗಿ ಬಳಸಬಹುದು.

ಶರತ್ಕಾಲದಲ್ಲಿ ಫೀಡರನ್ನು ಬೇಗ ತೆಗೆಯದಿದ್ದರೆ ಹಕ್ಕಿಗಳು ವಲಸೆ ಹೋಗದೆ ಉಳಿದುಬಿಡುತ್ತವೆ ಎಂಬ ಮಾತನ್ನು ಇಲ್ಲಿ ಬಹಳ ಜನ ನಂಬುತ್ತಾರೆ. ಅವುಗಳನ್ನು ಹೊರಡಿಸುವುದು ಕುಗ್ಗುತ್ತಿರುವ ಹಗಲು, ಸಕ್ಕರೆ ನೀರು ಅವುಗಳನ್ನು ಹಿಡಿದಿಡುವುದಿಲ್ಲ. ಗಂಡುಗಳು ಆಗಸ್ಟ್‌ನಲ್ಲೇ ಹೊರಡತೊಡಗುತ್ತವೆ. ಸೆಪ್ಟೆಂಬರ್‌ನಲ್ಲಿ ಕಾಣುವುದು ಬಹುಪಾಲು ಹೆಣ್ಣುಗಳು ಮತ್ತು ಆ ವರ್ಷದ ಮರಿಗಳು, ಪ್ರಯಾಣಕ್ಕೆ ಮುನ್ನ ಕೊಬ್ಬು ತುಂಬಿಕೊಂಡು ತೂಕವನ್ನು ಹೆಚ್ಚುಕಡಿಮೆ ಇಮ್ಮಡಿಸಿಕೊಳ್ಳುವಂಥವು. ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಫೀಡರ್ ಇಡುವುದು ನನ್ನ ರೂಢಿ. ಕಳೆದ ವರ್ಷ ಒಂಬತ್ತು ದಿನ ಯಾವುದೂ ಬಂದಿರಲಿಲ್ಲ. ಅಕ್ಟೋಬರ್‌ನ ಒಂದು ತಂಪು ಬೆಳಿಗ್ಗೆ, ಗಂಟಲಲ್ಲಿ ಬಣ್ಣವಿನ್ನೂ ಮೂಡಿರದ ಒಂದು ಎಳೆಯ ಹಕ್ಕಿ ಬಂದು ಕಂಬಿಯ ಮೇಲೆ ಕುಳಿತು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಎಡೆಬಿಡದೆ ಕುಡಿಯಿತು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕುಡಿಯಿತು, ದಕ್ಷಿಣದ ಬೇಲಿಯ ಮೇಲಿಂದ ಹಾರಿಹೋಯಿತು. ಹಿಂದಿನ ಸಂಜೆಯಷ್ಟೇ ಬೋಗುಣಿ ತೊಳೆದು ನೀರು ಬದಲಾಯಿಸಿದ್ದೆ.